ಕೆಂಪು ಕೋಟೆ ಭೇಟಿ ಸೋಮವಾರದ ಬದಲು ಮಂಗಳವಾರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಸಾಗರದಿಂದ ದೆಹಲಿಗೆ ಹೊರಟಿರುವ ನಮ್ಮ 22 ಜನರ ಗಮನಕ್ಕೆ: ಸೋಮವಾರ ಕೆಂಪು ಕೋಟೆಗೆ ರಜೆ. ಪಟ್ಟಿ ಮಾಡುವಾಗ ನೋಡಿರಲಿಲ್ಲ, ತಪ್ಪು ನನ್ನದೇ. ಮಂಗಳವಾರ ಬೆಳಿಗ್ಗೆ 10ಕ್ಕೆ ಲಾಹೋರಿ ಗೇಟ್ ಎದುರು ಸೇರೋಣ. ಆಗಸ್ಟ್ 15ಕ್ಕೆ ಪ್ರಧಾನಿ ಬಾವುಟ ಹಾರಿಸೋದು ಟಿವಿಯಲ್ಲಿ ನೋಡ್ತೀವಲ್ಲ, ಅದೇ ಜಾಗ. 1945ರಲ್ಲಿ ಸುಭಾಷರ ಸೈನ್ಯದ ಅಧಿಕಾರಿಗಳ ವಿಚಾರಣೆ ಶುರುವಾಗಿದ್ದೂ ಈ ಕೋಟೆಯೊಳಗೇ.

ಕವಲೇದುರ್ಗದ ಹಾಗೆ ಏದುಸಿರು ಬಿಟ್ಟು ಹತ್ತೋದೇನಿಲ್ಲ, ಸಮತಟ್ಟು ನೆಲ. ಆದರೆ ನಡಿಗೆ ಜಾಸ್ತಿ, ಹಳೇ ಚಪ್ಪಲಿ ಹಾಕ್ಕೊಳ್ಳಿ. ಆಧಾರ್ ಇರಲಿ. ಬಾಗಿಲಲ್ಲಿ ತಪಾಸಣೆ ಬಿಗಿ, ಹಿರಿಯರು ದಯವಿಟ್ಟು ಎಲೆಅಡಿಕೆ ಚೀಲದ ಅಡಕತ್ತರಿ ರೂಮಲ್ಲೇ ಬಿಡಿ!

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಮಂಡಿನೋವಿನವರು ಅದನ್ನೂ ತಿಳಿಸಿ. ಬರೀ ಹೆಬ್ಬೆರಳಿನ ಇಮೋಜಿ ಬೇಡ, ಲೆಕ್ಕ ಸಿಗೋಲ್ಲ.