ಮುಖ ನೋಡಿ ನಾಡಿ ಹೇಳುವ ಆ್ಯಪ್‌ಗಳಿಗೆ ಕರಾವಳಿಯಲ್ಲೂ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಕಳೆದ ಆಟಿ ತಿಂಗಳಲ್ಲಿ ನನ್ನ ಅತ್ತೆಯವರಿಗೆ ಜ್ವರ ಬಂದಿತ್ತು. ಮೊಮ್ಮಗ ಅವರನ್ನು ಚಾವಡಿಯಲ್ಲಿ ಕುಳ್ಳಿರಿಸಿ, ಮುಖ ನೋಡಿಯೇ ನಾಡಿಬಡಿತ, ಆಮ್ಲಜನಕ, ಬಿಪಿ ಎಲ್ಲವನ್ನೂ ಹೇಳುವುದೆಂಬ ಆ್ಯಪ್ ತೆರೆದು ಮೊಬೈಲ್ ಎದುರು ಹಿಡಿದ. ಹೊರಗೆ ಜಡಿಮಳೆ, ಒಳಗೆ ಮಬ್ಬು. ಅರ್ಧ ನಿಮಿಷದಲ್ಲಿ 76 ಎಂಬ ಸಂಖ್ಯೆ ಹಸಿರು ಬಣ್ಣದಲ್ಲಿ ಮೂಡಿತು. ನಾನು ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ: 112. ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ಮತ್ತೆ ಹಿಡಿದಾಗ ಅದೇ ಆ್ಯಪ್ 91 ಎಂದಿತು.

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಬಹುಕಾಲ ದುಡಿದು ನಿವೃತ್ತಳಾದ ನಾನು, ಮುಟ್ಟದೆ ನಾಡಿ ಎಣಿಸುವ ಈ ವಿದ್ಯೆ ಬೇಗ ಪಕ್ವವಾಗಲಿ ಎಂದು ಮನಸಾರೆ ಹಾರೈಸುವವಳು. ಒಂದು ಕಿಲೋ ತೂಕದ ಮಗುವಿನ ಎದೆಯಿಂದ ಎಲೆಕ್ಟ್ರೋಡ್ ಬಿಡಿಸುವಾಗ, ಅಂಚನ್ನು ಒದ್ದೆ ಹತ್ತಿಯಿಂದ ನೆನೆಸಿ ಕೂದಲೆಳೆಯಷ್ಟೇ ಎಬ್ಬಿಸುತ್ತ ಬಂದರೂ, ಟೇಪಿನ ಜೊತೆ ಚರ್ಮದ ತೆಳುಪದರ ಎದ್ದು ಬಂದದ್ದನ್ನು ನಾನು ಕಂಡಿದ್ದೇನೆ. ಆಕ್ಸ್‌ಫರ್ಡ್‌ನ ಸಂಶೋಧಕರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೇಲೆಯೇ ಕ್ಯಾಮೆರಾ ಪ್ರಯೋಗ ನಡೆಸಿದ್ದಾರೆಂದು ಓದಿದಾಗ ಆ ಮಕ್ಕಳ ಎದೆಯೇ ನನಗೆ ನೆನಪಾಯಿತು.

ಇದರ ತಳಹದಿ ಗಟ್ಟಿಯಾಗಿಯೇ ಇದೆ. ಹೃದಯ ಬಡಿದಾಗಲೆಲ್ಲ ಮುಖದ ಚರ್ಮದಡಿಯ ಸೂಕ್ಷ್ಮ ನಾಳಗಳಿಗೆ ರಕ್ತ ನುಗ್ಗುತ್ತದೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ ಪ್ರತಿ ಬಡಿತಕ್ಕೂ ಮುಖದ ಬಣ್ಣ ಕಣ್ಣಿಗೆ ಕಾಣದಷ್ಟು ಬದಲಾಗುತ್ತದೆ. ಕೋಣೆಯ ಬೆಳಕಿನಲ್ಲಿ, ಸಾಧಾರಣ ಡಿಜಿಟಲ್ ಕ್ಯಾಮೆರಾದಿಂದ ಇದನ್ನು ಹಿಡಿಯಬಹುದೆಂದು 2008ರಲ್ಲೇ ತೋರಿಸಲಾಯಿತು. 2010ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇದನ್ನೇ ವೆಬ್‌ಕ್ಯಾಮ್‌ನಲ್ಲಿ ಸಾಧಿಸಿದರು. ಉಸಿರಾಟವನ್ನು ಎದೆ, ಭುಜಗಳ ಏರಿಳಿತದಿಂದ ಎಣಿಸಬಹುದು. ಆಮ್ಲಜನಕದ ಮಾತು ಬೇರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ತಾನೇ ಹಾಯಿಸಿ ಎರಡನ್ನೂ ಹೋಲಿಸುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅವಗೆಂಪನ್ನು ತಡೆಯುವ ಫಿಲ್ಟರೇ ಇರುತ್ತದೆ. ಪಟ್ಟಿ ಕಟ್ಟದೆ ಹೇಳುವ ಬಿಪಿಯನ್ನಂತೂ ನಂಬಿ ಯಾರೂ ಮಾತ್ರೆ ಬದಲಿಸಬಾರದು.

ನನ್ನ ಮುಖ್ಯ ಆತಂಕ ನಮ್ಮ ಚರ್ಮ ಮತ್ತು ನಮ್ಮ ಬೆಳಕಿನದು. ಕಪ್ಪು ಚರ್ಮದ ಮೆಲನಿನ್ ಬೆಳಕನ್ನು ಹೀರಿಕೊಳ್ಳುವುದರಿಂದ ಕ್ಯಾಮೆರಾಕ್ಕೆ ಮರಳುವ ನಾಡಿಯ ಸುಳಿವು ಕ್ಷೀಣವಾಗುತ್ತದೆ. ಬೆರಳಿನ ಆಕ್ಸಿಮೀಟರೇ ಕಪ್ಪು ವರ್ಣದ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತೆಂದು ಅಮೆರಿಕದ 2020ರ ಅಧ್ಯಯನವೊಂದು ತೋರಿಸಿದೆ. ಹೀಗಿರುವಾಗ, ಬಿಳಿಚರ್ಮದವರ ಮುಖಗಳ ಮೇಲೆ, ಪ್ರಯೋಗಾಲಯದ ಸಮಬೆಳಕಿನಲ್ಲಿ ಪಳಗಿದ ಆ್ಯಪ್, ಮಲ್ಪೆ ಬಂದರಿನಲ್ಲಿ ಬಿಸಿಲಿಗೆ ಕಾದ ಮೀನುಗಾರನ ಮುಖವನ್ನು ಕರೆಂಟ್ ಹೋದ ಮಳೆಗಾಲದ ಸಂಜೆ ಸರಿಯಾಗಿ ಓದೀತೆಂದು ನಂಬುವುದು ಹೇಗೆ?

ಮಂಗಳೂರು, ಮಣಿಪಾಲಗಳಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಇಂಥ ಆ್ಯಪ್ ಆಶಾ ಕಾರ್ಯಕರ್ತೆಯರ ಕೈಸೇರುವ ಮುನ್ನ ಇಲ್ಲಿನ ಮೀನುಗಾರರು, ಬೀಡಿ ಕಟ್ಟುವ ಹೆಂಗಸರು, ವೃದ್ಧರ ಮೇಲೆ, ಹಳ್ಳಿಯ ಆರೋಗ್ಯ ಕೇಂದ್ರದ ಬೆಳಕಿನಲ್ಲೇ ಅದನ್ನು ಇಸಿಜಿಯ ಜೊತೆ ಹೋಲಿಸಿ, ಯಾವ ಮೈಬಣ್ಣಕ್ಕೆ ಎಷ್ಟು ತಪ್ಪಿತೆಂಬುದನ್ನು ಪ್ರಕಟಿಸಬೇಕು. ಸೆರೆಹಿಡಿದ ಮುಖದ ವಿಡಿಯೋ ಎಲ್ಲಿಗೆ ಹೋಗುತ್ತದೆಂಬುದನ್ನು ಕನ್ನಡದಲ್ಲಿ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಎಲ್ಲಕ್ಕಿಂತ ಮೊದಲು, ಬೆಳಕು ಸಾಲದಿದ್ದಾಗ ಆ್ಯಪ್ ಸಂಖ್ಯೆ ಕೊಡದೆ ‘ಅಳೆಯಲಾಗಲಿಲ್ಲ’ ಎಂದು ತೋರಿಸುವುದು ಕಡ್ಡಾಯವಾಗಬೇಕು. ಆ ದಿನ ನಮ್ಮ ಚಾವಡಿಯಲ್ಲಿ ಅದು ಅಷ್ಟು ಹೇಳಿದ್ದರೆ ಸಾಕಿತ್ತು.

– ನಿವೃತ್ತ ಶುಶ್ರೂಷಕಿ, ಉಡುಪಿ