ಜಾಮ್ ಸುದ್ದಿ ಇಳಿಯುವ ದಾರಿಗೆ ಮೊದಲೇ ಸಿಗಲಿ

ಮಾನ್ಯರೇ,

ಹೋದ ಭಾನುವಾರ ಸಂಜೆ ಮಗಳನ್ನು ವಿಮಾನ ಹತ್ತಿಸಲು ಮಂಡ್ಯದಿಂದ ಹೊರಟೆವು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡದಿ ದಾಟುವವರೆಗೂ ಸಲೀಸು. ಕುಂಬಳಗೋಡು ಹತ್ತಿರ ಬಂದಿದ್ದೇ ತಡ, ಗಾಡಿ ನಿಂತಿತು. ಫೋನಿನ ಮ್ಯಾಪ್ ಕೆಂಪಾಗಿದ್ದು ನಾವು ಸಿಕ್ಕಿಹಾಕಿಕೊಂಡ ಮೇಲೆ. ರಾಮನಗರದಲ್ಲೇ ಗೊತ್ತಾಗಿದ್ದರೆ ಮಾಗಡಿ ಕಡೆಗೆ ತಿರುಗಿಕೊಳ್ಳುತ್ತಿದ್ದೆವು.

ಮಗಳು ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಿಂತ ಕಾರಿನಲ್ಲೇ ಅವಳೂರಿನ 880 ಹೆದ್ದಾರಿಯ ಕಥೆ ಹೇಳಿದಳು. 2008ರ ಫೆಬ್ರವರಿ 8ರಂದು ಬರ್ಕ್ಲಿ ವಿಶ್ವವಿದ್ಯಾಲಯದವರು ಆ ರಸ್ತೆಗೆ ನೂರು ಕಾರು ಬಿಟ್ಟರಂತೆ. ಓಡಿಸಿದವರು ವಿದ್ಯಾರ್ಥಿಗಳು. ಒಂದೊಂದು ಕಾರಿನಲ್ಲೂ ಒಂದು ನೋಕಿಯಾ ಎನ್95 ಫೋನ್. ಹೇವರ್ಡ್‌ಗೂ ಫ್ರೀಮಾಂಟ್‌ಗೂ ನಡುವೆ ಇಡೀ ದಿನ ಸುತ್ತಿದ್ದೇ ಸುತ್ತಿದ್ದು. ರಸ್ತೆಯಲ್ಲಿದ್ದ ಒಟ್ಟು ವಾಹನಗಳಲ್ಲಿ ಇವು ನೂರಕ್ಕೆ ಎರಡರಿಂದ ಐದು, ಅಷ್ಟೇ. ಆದರೂ ಇಡೀ ರಸ್ತೆಯ ವೇಗ ತಿಳಿಯಲು ಅಷ್ಟು ಸಾಕಾಯಿತು. ಬೆಳಿಗ್ಗೆ ಒಂದು ಅಪಘಾತವಾಗಿ ವಾಹನಗಳು ಸಾಲುಗಟ್ಟಿದ್ದೂ ಮ್ಯಾಪಿನಲ್ಲಿ ಕಂಡಿತು.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಆ ಫೋನುಗಳು ಸದಾ ತಾವೆಲ್ಲಿದ್ದೇವೆ ಎಂದು ಹೇಳುತ್ತಿರಲಿಲ್ಲ. ರಸ್ತೆಗೆ ಅಡ್ಡವಾಗಿ ಅಲ್ಲಲ್ಲಿ ಕಣ್ಣಿಗೆ ಕಾಣದ ಗೆರೆ ಹಾಕಿಕೊಂಡಿದ್ದರು. ಗೆರೆ ದಾಟುವಾಗ ಮಾತ್ರ 'ಇಲ್ಲಿ ಇಷ್ಟು ವೇಗ' ಅಂತ ಒಂದು ಸುದ್ದಿ. ಯಾರ ಕಾರು, ಯಾವ ಮನೆಯಿಂದ ಹೊರಟಿತು ಎಂಬುದು ಬೇಕಿಲ್ಲ. ರಸ್ತೆಯ ವೇಗ ತಿಳಿಯಲು ನಮ್ಮ ಜಾತಕ ಯಾಕೆ ಬೇಕು, ಅಲ್ವಾ?

ಫಾಸ್ಟ್ಯಾಗ್ ಇದೆಯಲ್ಲ ಎನ್ನಬಹುದು. ಅದು ಬಿಡದಿ ಹತ್ತಿರದ ಟೋಲ್‌ನಲ್ಲಿ ಒಮ್ಮೆ, ಗಣಂಗೂರಿನ ಟೋಲ್‌ನಲ್ಲಿ ಒಮ್ಮೆ ನಮ್ಮನ್ನು ನೋಡುತ್ತದೆ. ನಡುವೆ ಏನಾಯಿತೋ ಅದಕ್ಕೆ ಗೊತ್ತಿಲ್ಲ. ಮದ್ದೂರಲ್ಲಿ ಇಳಿದು ವಡೆ ತಿಂದರೂ ಅದರ ಲೆಕ್ಕದಲ್ಲಿ ಜಾಮ್!

ಮುಂದೇನಾಗುತ್ತದೆ ಎಂದು ಹೇಳುವುದು ಇಲ್ಲಿ ಜ್ಯೋತಿಷ್ಯವೇನಲ್ಲ. ನಿಂತು ನಿಂತು ಹೊರಡುವ ಸಾಲು ಅಲೆಯ ಹಾಗೆ ಹಿಂದಕ್ಕೆ ಸರಿಯುತ್ತದೆ, ಗಂಟೆಗೆ ಸುಮಾರು 15ರಿಂದ 20 ಕಿ.ಮೀ. ವೇಗದಲ್ಲಿ. ಈಗ ಎಲ್ಲಿದೆ ಎಂದು ಗೊತ್ತಾದರೆ ಇನ್ನು ಹತ್ತು ನಿಮಿಷಕ್ಕೆ ಎಲ್ಲಿಗೆ ಬಂದಿರುತ್ತದೆ ಎಂದು ಅಂದಾಜು ಹಾಕಬಹುದು. ನಾವು 80ರ ವೇಗದಲ್ಲಿ ಬರುತ್ತಿದ್ದರೆ ಹತ್ತು ಕಿ.ಮೀ. ಆಚೆಗಿನ ಸಾಲೂ ನಮ್ಮ ಕಡೆಗೇ ಸರಿಯುವುದರಿಂದ ಅದು ಎದುರಾಗಲು ಸುಮಾರು ಆರು ನಿಮಿಷ ಸಾಕು. ಅಷ್ಟರಲ್ಲಿ ಇಳಿಯುವ ದಾರಿ ಹಿಂದೆ ಹೋಗಿರುತ್ತದೆ. ಗೊತ್ತಿಲ್ಲದೆ ಜೋರಾಗಿ ಬಂದವರು ಸಾಲಿನ ಬಾಲಕ್ಕೇ ಗುದ್ದುವ ಭಯ ಬೇರೆ.

ಈ ವೇಗದ ಮಾಹಿತಿ ಇಂದು ಫೋನ್, ಕಾರುಗಳ ಮೂಲಕ ಕಂಪನಿಗಳ ಕೈಗೆ ಸೇರುತ್ತಿದೆ. ಹೆದ್ದಾರಿ ನೋಡಿಕೊಳ್ಳುವವರು ಅದನ್ನು ಕೇಳಿ ಪಡೆಯಲಿ. ವೇಗ ಮಾತ್ರ ಸಾಕು, ಗಾಡಿ ನಂಬರ್ ಬೇಡ. ಮಂಡ್ಯ, ಮದ್ದೂರು, ರಾಮನಗರಕ್ಕೆ ಇಳಿಯುವ ಕಡೆಗಿಂತ ಎರಡು ಕಿ.ಮೀ. ಮೊದಲೇ ಕನ್ನಡದಲ್ಲಿ ಫಲಕ ಹಾಕಲಿ: 'ಕುಂಬಳಗೋಡಿನಲ್ಲಿ ಅರ್ಧ ಗಂಟೆ ತಡ'. ಓಡಿಸುವವರು ಫೋನ್ ನೋಡುವುದೂ ತಪ್ಪುತ್ತದೆ.

ಒಂದು ತೊಡಕಿದೆ. ಫಲಕ ನೋಡಿ ಎಲ್ಲರೂ ಮಾಗಡಿ ರಸ್ತೆಗೆ ನುಗ್ಗಿದರೆ ಅಲ್ಲೂ ಅದೇ ಪಾಡು. ಆದ್ದರಿಂದ ಅಂದಾಜು ಮಾಡುವಾಗ ಇಳಿದು ಹೋಗುವವರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮಾಗಡಿ ರಸ್ತೆಯ ವೇಗವನ್ನೂ ಅದೇ ಫಲಕದಲ್ಲಿ ತೋರಿಸಬೇಕು.

ಇಂತಿ,
ನಿಮ್ಮ ಓದುಗ, ಮಂಡ್ಯ