ಯುವ ಸಂಸತ್ತಿನ ವಿಡಿಯೋ ಬಗ್ಗೆ: 8 ಮತ್ತು 9ನೇ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ಶನಿವಾರ ನಮ್ಮ ಸಭಾಂಗಣದಲ್ಲಿ ನಡೆದ ಯುವ ಸಂಸತ್ತಿನ, ಅಂದರೆ ಮಕ್ಕಳೇ ಸರ್ಕಾರ, ವಿರೋಧ ಪಕ್ಷ ಆಗಿ ನಡೆಸುವ ಅಣಕು ಸಂಸತ್ತಿನ, ವಿಡಿಯೋ ತುಣುಕೊಂದು ನಿಮ್ಮಲ್ಲಿ ಬಹಳ ಜನರ ವಾಟ್ಸಾಪ್‌ಗೆ ಬಂದಿದೆ. ಒಬ್ಬ ಹುಡುಗಿ ಎದ್ದು ನಿಂತು "ಮಾನ್ಯ ಸಚಿವರು ತಮ್ಮ ಮಸೂದೆಯನ್ನು ತಾವೇ ಓದಿಲ್ಲ" ಎನ್ನುತ್ತಾಳೆ, ಬೆಂಚು ಬಡಿಯುವ ಸದ್ದಾಗುತ್ತದೆ, ಅಷ್ಟಕ್ಕೆ ವಿಡಿಯೋ ಮುಗಿಯುತ್ತದೆ. ಅದನ್ನು ನೋಡಿ ಕೆಲವರು ಶಾಲೆಗೇ ಬಂದರು, ಇನ್ನು ಕೆಲವರು ಫೋನ್ ಮಾಡಿದರು. "ಮಕ್ಕಳಿಗೆ ಸರ್ಕಾರದ ವಿರುದ್ಧ ಮಾತಾಡೋದನ್ನ ಕಲಿಸ್ತೀರಾ ಮೇಡಂ?" ಅಂತ ಕೇಳಿದರು.

ಇಲ್ಲ. ಆದರೆ ಆ ವಿಡಿಯೋಗೆ ಮುಂಚೆ ಏನಾಯ್ತು, ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತಿರಬೇಕು.

ಅಂದಿನ ಮಸೂದೆ ಶಾಲಾ ಬ್ಯಾಗಿನ ತೂಕದ್ದು. ಬರೆದವರು 9ನೇ ತರಗತಿಯ ಮಕ್ಕಳು. ಬ್ಯಾಗಿನ ಪುಸ್ತಕ, ನೋಟ್‌ಬುಕ್‌ಗಳ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ಅದರ 3ನೇ ಕಲಂ. ದಿಲ್ಲಿಯಲ್ಲಿ ನಡೆಯುವ ಹಾಗೆಯೇ ಇಲ್ಲೂ ಮೊದಲು ಮಂಡನೆ, ಆಮೇಲೆ ಚರ್ಚೆ ಮಾಡಿ ಒಂದೊಂದೇ ಕಲಂ ಹಿಡಿದು ತಿದ್ದುಪಡಿ, ಕೊನೆಗೆ ಇಡೀ ಮಸೂದೆ ಮತಕ್ಕೆ. ನಿಜವಾದ ಕೆಲಸ ಆಗುವುದು ನಡುವಿನ ಹಂತದಲ್ಲಿ. ಆ ಹುಡುಗಿ ಎದ್ದು ಕೇಳಿದ್ದು ಅಲ್ಲೇ. ನೀರಿನ ಬಾಟಲಿ, ಊಟದ ಡಬ್ಬಿ ಯಾರ ಲೆಕ್ಕಕ್ಕೆ ಬರುತ್ತೆ? ಒಂದು ಲೀಟರ್ ನೀರು ಅಂದರೇನೇ ಒಂದು ಕೆಜಿ ಅಲ್ವಾ? ಅವನ್ನೂ ಸೇರಿಸಿ ತೂಗಬೇಕು ಅಂತ ತಿದ್ದುಪಡಿ ತಂದಳು. ಹಾಗಾದರೆ ಮಕ್ಕಳು ನೀರೇ ತರದೆ ಬರುತ್ತಾರೆ ಎಂದ ಶಿಕ್ಷಣ ಸಚಿವ. ತಕ್ಷಣ ಹಿಂದಿನ ಬೆಂಚಿನಿಂದ ಇನ್ನೊಂದು ತಿದ್ದುಪಡಿ: ಕುಡಿಯುವ ನೀರು ಶಾಲೆಯೇ ಕೊಡಬೇಕು. (ನಮ್ಮ ಫಿಲ್ಟರ್ ಕೆಟ್ಟು ಎಷ್ಟು ದಿನ ಆಯ್ತು ಅಂತಲೂ ಸದನದಲ್ಲಿ ಕೇಳಿದರು. ಈ ವಾರ ರಿಪೇರಿ ಆಗುತ್ತೆ.) ಧ್ವನಿಮತದಲ್ಲಿ, ಅಂದರೆ ಹೌದು-ಇಲ್ಲ ಅಂತ ಕೂಗಿದ ಸದ್ದಿನ ಮೇಲೆ, ಸರ್ಕಾರ ಗೆದ್ದಿತು ಎಂದರು ಸ್ಪೀಕರ್. ವಿರೋಧ ಪಕ್ಷದವರು ಒಪ್ಪದೆ, ಮತ ಎಣಿಸಲೇಬೇಕು ಅಂತ ಹಟ ಹಿಡಿದರು. ಮತ ಎಣಿಕೆಗೆ ಮುಂಚೆ ಹೊರಗಿರುವ ಸದಸ್ಯರನ್ನು ಕರೆಯಲು ಗಂಟೆ ಹೊಡೆಯಬೇಕಲ್ಲ, ಹೊಡೆಸಿದೆವು. ಊಟದ ಬೆಲ್ ಅಂತ 6ನೇ ತರಗತಿಯವರು ತಟ್ಟೆ ಹಿಡಿದು ಹೊರಗೆ ಬಂದರು. ಎಣಿಸಿ ನೋಡಿದರೆ ಸರ್ಕಾರ ಸೋತಿತ್ತು. ಆಡಳಿತ ಪಕ್ಷದ ಹುಡುಗರು ಕೆಲವರು ಕಬಡ್ಡಿ ಪ್ರಾಕ್ಟೀಸ್‌ಗೆ ಹೋಗಿದ್ದರು.

"ನನ್ನ ಮಗ ಪ್ರಧಾನಿ, ಅವನನ್ನ ಸೋಲಿಸಿ ಅವಮಾನ ಮಾಡಿದ್ರಿ" ಎಂದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಇದು ದೊಡ್ಡವರ ಸದನದಲ್ಲೂ ಆಗಿದೆ. 2017ರ ಜುಲೈ 31ರಂದು ರಾಜ್ಯಸಭೆಯಲ್ಲಿ ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗಕ್ಕೆ ಸಾಂವಿಧಾನಿಕ ಸ್ಥಾನ ಕೊಡುವ ಮಸೂದೆ ಮತಕ್ಕೆ ಬಂದಾಗ ಆಡಳಿತ ಪಕ್ಷದ ಹಲವರು ಸದನದಲ್ಲಿ ಇರಲಿಲ್ಲ. ವಿರೋಧ ಪಕ್ಷದ ತಿದ್ದುಪಡಿ ಗೆದ್ದುಬಿಟ್ಟಿತು. ಲೋಕಸಭೆ ಒಪ್ಪಿದ್ದ ರೂಪ ಉಳಿಯಲಿಲ್ಲ. ಎರಡೂ ಸದನಗಳು ಒಂದೇ ರೂಪಕ್ಕೆ ಒಪ್ಪಿದ್ದು 2018ರ ಆಗಸ್ಟ್‌ನಲ್ಲಿ. ಹಾಜರಾತಿ ಬಗ್ಗೆ ನಾನು ವರ್ಷವಿಡೀ ಬೈದರೂ ತಲೆಗೆ ಹೋಗದ್ದು ಆ ಹುಡುಗರಿಗೆ ಒಂದು ಸೋಲಿನಲ್ಲಿ ಹೋಯಿತು.

ಮತ್ತೆ ಮೊದಲಿನ ಪ್ರಶ್ನೆಗೇ ಬರುತ್ತೇನೆ. ನಿಮ್ಮಲ್ಲಿ ಕೆಲವರು ಸರ್ಕಾರಿ ನೌಕರರು, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಹುಡುಗಿ ವಿರೋಧಿಸಿದ್ದು ನಿಜವಾದ ಸರ್ಕಾರವನ್ನಲ್ಲ, 9ನೇ ತರಗತಿಯ ಸರ್ಕಾರವನ್ನು. ಯಾವ ಮಗು ಯಾವ ಕಡೆ ಅಂತ ತೀರ್ಮಾನ ಆಗಿದ್ದು ಚೀಟಿ ಎತ್ತಿ. ನಿಜವಾದ ಪಕ್ಷದ ಹೆಸರನ್ನಾಗಲಿ ನಾಯಕರ ಹೆಸರನ್ನಾಗಲಿ ಯಾರೂ ಎತ್ತಬಾರದು ಅಂತ ನಿಯಮ ಇತ್ತು, ಮಕ್ಕಳು ಪಾಲಿಸಿದರು. ಇದು ನಾವು ಸುಮ್ನೆ ಹುಟ್ಟಿಸಿಕೊಂಡ ಆಟವೂ ಅಲ್ಲ. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯವೇ 1966ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಯುವ ಸಂಸತ್ ಸ್ಪರ್ಧೆ ಶುರು ಮಾಡಿತು. ಅಂದರೆ, ವಿರೋಧ ಪಕ್ಷದಲ್ಲಿ ಕೂತು ಮಾತಾಡಿ ಅಂತ ಮಕ್ಕಳಿಗೆ ಮೊದಲು ಹೇಳಿದ್ದು ಸರ್ಕಾರವೇ.

ಇನ್ನೂ ಸಮಾಧಾನ ಆಗದವರಿಗೆ ಒಂದು ಮಾತು. ಸಂವಿಧಾನದ ಕರಡಿಗೆ ಸುಮಾರು 7,635 ತಿದ್ದುಪಡಿ ಬಂದಿದ್ದವು, ಸಂವಿಧಾನ ರಚನಾ ಸಭೆಯಲ್ಲಿ ಮಂಡನೆಯಾದದ್ದು 2,473. ಹಾಗೆ ಪಟ್ಟುಬಿಡದೆ ತಿದ್ದುಪಡಿ ತಂದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಒಬ್ಬರು. ಸಂವಿಧಾನದ ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಲಿ ಅಂತ 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದು ಮತಕ್ಕೆ ಹಾಕಿಸಿದರು. ಪರ 41, ವಿರುದ್ಧ 68, ಸೋತರು. ಮುಂದಿನ ತಿಂಗಳು ಅಂಬೇಡ್ಕರ್ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ, ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಕಲಾಪ ಸಪ್ಪೆಯಾಗುತ್ತಿತ್ತು, ಪುಣ್ಯಕ್ಕೆ ಕೆಲವರು ಬಂಡಾಯಗಾರರಿದ್ದರು ಎಂಬ ಅರ್ಥದಲ್ಲಿ ಹೇಳಿ, ಆ ಸಾಲಿನಲ್ಲಿ ಮೊದಲು ತೆಗೆದುಕೊಂಡ ಹೆಸರು ಕಾಮತರದು. ಆ ಬಂಡಾಯಗಾರರ ಸಲಹೆಗಳನ್ನು ತಾವು ಒಪ್ಪಲಿಲ್ಲ, ಹಾಗಂತ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಅಂತಲೂ ಸೇರಿಸಿದರು. ಇಂಥದ್ದನ್ನು ಪಾಠದಲ್ಲಿ ಓದಿಸಿ, ಮಗು ಎದ್ದು ನಿಂತು ತಿದ್ದುಪಡಿ ತಂದಾಗ "ಕೂತ್ಕೋ" ಅಂದರೆ ಹೇಗೆ?

ಮನೆಯಲ್ಲೂ ಎಲ್ಲದಕ್ಕೂ "ತಿದ್ದುಪಡಿ ಇದೆ" ಅಂತಾರೆ, ಹೋಂವರ್ಕ್ ಮಾಡು ಅಂದರೆ ಚರ್ಚೆಗೆ ಸಮಯ ಕೇಳ್ತಾರೆ ಎಂದು ಒಬ್ಬ ತಾಯಿ ಹೇಳಿದರು. ಅದಕ್ಕೆ ನನ್ನ ಹತ್ತಿರವೂ ಪರಿಹಾರ ಇಲ್ಲ ತಾಯಿ. ಶಾಲೆಯಲ್ಲೂ ಅದೇ ಕಥೆ. ಆದರೆ ಎದುರಾಡುವುದು ಬೇರೆ, ತಿದ್ದುಪಡಿ ತರುವುದು ಬೇರೆ. ಎದುರಾಡುವವನು ಬೇಡ ಅಂದು ಸುಮ್ಮನಾಗುತ್ತಾನೆ. ತಿದ್ದುಪಡಿ ತರುವವನು ಯಾವ ಸಾಲಿನಲ್ಲಿ ಏನು ಬದಲಾಗಬೇಕು ಅಂತ ಬರೆದು ಕೊಡಬೇಕು, ಕೇಳಿದರೆ ಕಾರಣ ಹೇಳಬೇಕು, ಸೋತರೆ ಕೂರಬೇಕು. ಬರೆದು ಕೊಡದೆ ಬಾಯಲ್ಲೇ ಕೂಗಿದವರನ್ನು ಅಂದು ಸ್ಪೀಕರ್ ಕೂರಿಸಿದ್ದಾರೆ. ಅದು ವಿಡಿಯೋದಲ್ಲಿಲ್ಲ. ಮಾತಿನಲ್ಲಿ ಮರ್ಯಾದೆ ತಪ್ಪಿದರೆ ನಾನೂ ಬಿಡುವವಳಲ್ಲ, ನಿಮಗೆ ಗೊತ್ತು.

ಪಾಠದ ಅವಧಿ ಹಾಳಾಗುತ್ತಿಲ್ಲ, ಎಲ್ಲವೂ ಶನಿವಾರ ಮಧ್ಯಾಹ್ನವೇ.

ಈ ಸಲ ಎರಡು ಬದಲಾವಣೆ ಮಾಡಿದ್ದೇವೆ. ಮುಂದಿನ ಅಧಿವೇಶನದಲ್ಲಿ ಬೆಂಚುಗಳು ಅದಲುಬದಲಾಗುತ್ತವೆ, ಈಗ ಸರ್ಕಾರದಲ್ಲಿರುವವರು ವಿರೋಧ ಪಕ್ಷಕ್ಕೆ. ನನ್ನ ಮಗುವನ್ನು ಆಡಳಿತ ಪಕ್ಷದಲ್ಲೇ ಇಡಿ ಅಂತ ದಯವಿಟ್ಟು ಕೇಳಬೇಡಿ, ಯಾರಿಗೂ ಆಗುವುದಿಲ್ಲ. ಎರಡನೆಯದು, ಸಭಾಂಗಣಕ್ಕೆ ಮೊಬೈಲ್ ಬೇಡ, ಶಿಕ್ಷಕರದ್ದೂ ಸೇರಿ. ಪಾರ್ಲಿಮೆಂಟಿನ ಗ್ಯಾಲರಿಗೂ ಮೊಬೈಲ್ ಬಿಡುವುದಿಲ್ಲ. ನೀವೇ ಬಂದು ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ನೋಡಿ. ಖಂಡಿತ ಬನ್ನಿ, ಕುರ್ಚಿ ಹಾಕಿಸಿರುತ್ತೇವೆ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ವಿ.ಸೂ.: ಮುಂದಿನ ಮಸೂದೆ, ಸ್ಕೂಟರ್ ಹಿಂದೆ ಕೂರುವ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಅನ್ನುವುದು. ಬೆಳಿಗ್ಗೆ ಗೇಟಿನ ಹತ್ತಿರ ಯಾರ್ಯಾರು ಹೆಲ್ಮೆಟ್ ಇಲ್ಲದೆ ಬರುತ್ತಾರೆ ಅಂತ ಮಕ್ಕಳು ಈಗಾಗಲೇ ಬರೆದುಕೊಳ್ಳುತ್ತಿದ್ದಾರೆ. ನಾನು ಹೇಳಿಕೊಟ್ಟದ್ದಲ್ಲ.